ಅಜ್ಜಿ ತಂದ ಚೊಂಬು

ನಲ್ಲಿ ನೀರಲ್ಲಿ ತುಕ್ಕಿನ ವಾಸನೆ ಬಂದರೆ ನನಗೆ ಈಗಲೂ ಮೈ ಉರಿಯುತ್ತದೆ.

ಪೀಣ್ಯದಾಚೆಯ ನಮ್ಮೂರಿನ ಶಾಲೆ ಅಂಗಳದಲ್ಲಿ ಅವತ್ತು ಮಧ್ಯಾಹ್ನ ಟೀವಿಯವರು ಚುನಾವಣೆ ಚರ್ಚೆ ಇಟ್ಟಿದ್ದರು. ಬೋರ್‌ವೆಲ್ ನೀರು ಯಾಕೆ ಕೆಟ್ಟಿತು ಎಂದು ಜನ ಕೇಳಿದರೆ, ಇಬ್ಬರು ಅಭ್ಯರ್ಥಿಗಳೂ ಮೈಕಿನಲ್ಲೇ "ನೀನು ಕಳ್ಳ", "ನಿಮ್ಮಪ್ಪ ಕಳ್ಳ" ಎಂದು ಕಿತ್ತಾಡಿದರು.

ನನ್ನ ಪಕ್ಕ ಕೂತಿದ್ದ ಅಜ್ಜಿ ಸರಸರ ಮನೆಗೆ ಹೋಗಿ, ಹಳದಿ ನೀರು ತುಂಬಿದ ಹಿತ್ತಾಳೆ ಚೊಂಬು ತಂದು ಅವರ ಮುಂದೆ ಕುಕ್ಕಿದಳು.

"ಬೈದೂ ಬೈದೂ ಗಂಟ್ಲು ಒಣಗಿರ್ತದೆ. ನನ್ನ ಮೊಮ್ಮಗ್ಳು ಕುಡಿಯೋ ನೀರಿದು. ಕುಡೀರಪ್ಪ."

ಇಬ್ಬರೂ ಚೊಂಬು ಮುಟ್ಟಲಿಲ್ಲ. ಒಬ್ಬ ಬಾಟಲಿ ನೀರು ಗುಟುಕರಿಸಿ, ಇನ್ನೊಬ್ಬನಿಗೆ ಬೆರಳು ತೋರಿಸಿದ.

"ಈ ಮುದ್ಕೀನ ಕಳ್ಸಿದ್ದು ನೀನೇ ಕಣೋ!"

ಮತ್ತೆ ಶುರುವಾಯಿತು.

ಅಜ್ಜಿ ಚೊಂಬು ಎತ್ತಿಕೊಂಡು ನನ್ನನ್ನು ಎಳೆದುಕೊಂಡು ಬಂದಳು. ಮನೆ ಸೇರುವಷ್ಟರಲ್ಲಿ ನನಗೆ ಬಾಯಾರಿತ್ತು. ಅಜ್ಜಿ ಮುಖ ಆಚೆ ತಿರುಗಿಸಿ, ಅದೇ ಚೊಂಬು ನನ್ನ ಕೈಗೆ ಕೊಟ್ಟಳು.