ಮಹಡಿ ಮನೆ ಖಾಲಿ ಇದೆ

ಮನೆ ಬಾಡಿಗೆಗೆ ಕೊಟ್ಟವರು, ಬಾಡಿಗೆಗೆ ಇರುವವರು... ಇಬ್ಬರೂ ಪೂರ್ತಿ ಓದಿ. ಭಯವಾದರೆ ನನ್ನನ್ನು ಬೈಯಬೇಡಿ.

ತುಮಕೂರಿನಲ್ಲಿ ಪುಟ್ಟಲಿಂಗಯ್ಯ ಎಂಬ ಓನರ್ ಇದ್ದರು. ಕೆಳಗೆ ತಾವು, ಮಹಡಿಯಲ್ಲಿ ಬಾಡಿಗೆಯವರು.

ಮನುಷ್ಯ ಕೆಟ್ಟವರೇನಲ್ಲ... ಗೋಡೆಗೆ ಯಾರಾದರೂ ಮೊಳೆ ಹೊಡೆದರೆ ಮಾತ್ರ ತಮ್ಮ ಎದೆಗೇ ಹೊಡೆದ ಹಾಗೆ ಆಡುತ್ತಿದ್ದರು.

ಮಹಡಿಯಲ್ಲಿ ಬಹಳ ವರ್ಷ ಇದ್ದವರು ಕಾಮಾಕ್ಷಮ್ಮ ಎಂಬ ಅಜ್ಜಿ. ಒಂಟಿ ಜೀವ, ವಿಪರೀತ ಮಂಡಿನೋವು.

ಆರೋಗ್ಯ ಕೆಟ್ಟಾಗ ಅರಸೀಕೆರೆಯ ಮಗಳ ಮನೆಗೆ ಹೋಗುವುದೆಂದಾಯಿತು. ಒಂದು ತಿಂಗಳು ಮೊದಲೇ ತಾವೇ ಮೆಟ್ಟಿಲಿಳಿದು ಬಂದು ನೋಟಿಸ್ ಕೊಟ್ಟರು. ಬಾಡಿಗೆಯೂ ಬಾಕಿ ಇಡಲಿಲ್ಲ.

ಖಾಲಿ ಮಾಡುವ ದಿನ ಓನರ್ ಟಾರ್ಚ್ ಹಿಡಿದು ಗೋಡೆಯಲ್ಲಿ ಮೊಳೆ ತೂತು ಹುಡುಕುತ್ತಿದ್ದರು. ಪೇಂಟಿಂಗ್‌ಗೆಂದು ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯುವುದು ಎಂಬುದೇ ತಲೆಯಲ್ಲಿ.

ಅಜ್ಜಿ ಬಾಗಿಲಲ್ಲಿ ನಿಂತು, "ಬರ್ತೀನಪ್ಪಾ..." ಅಂದರು.

ಓನರ್ ತಿರುಗಿಯೂ ನೋಡಲಿಲ್ಲ. "ಕೀ ಕಿಟಕಿ ಮೇಲಿಟ್ಟು ಹೋಗಿ."

ಅಜ್ಜಿ ಸ್ವಲ್ಪ ಹೊತ್ತು ನಿಂತೇ ಇದ್ದರು... ಆಮೇಲೆ ಮಗಳು ಕೈಹಿಡಿದು ಇಳಿಸಿಕೊಂಡು ಹೋದಳು.

ಕೆಲವು ದಿನ ಕಳೆದ ಮೇಲೆ ಶುರುವಾಯಿತು.

ಮಟಮಟ ಮಧ್ಯಾಹ್ನ. ಮಹಡಿಗೆ ಬೀಗ. ಆದರೂ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು... ನಿಧಾನಕ್ಕೆ, ಮಂಡಿನೋವಿನವರು ಇಳಿದ ಹಾಗೆ.

ಕೊನೆಯ ಮೆಟ್ಟಿಲಿಗೆ ಬಂದು ನಿಲ್ಲುತ್ತಿತ್ತು. ಗೇಟ್ ತೆರೆದ ಸದ್ದಿಲ್ಲ. ತುಸು ಹೊತ್ತಿಗೆ ಮತ್ತೆ ಮೇಲೆ ಹತ್ತುತ್ತಿತ್ತು.

ದಿನವೂ ಹೀಗೇ...

ಮನೆ ನೋಡಲು ಬಂದವರು ಕೆಳಗಿಳಿದು ಬಂದು ಕೇಳಿದರು, "ಒಳಗೆ ಯಾರೋ ಅಜ್ಜಿ ನಿಂತಿದಾರಲ್ಲ ಸರ್... ಇನ್ನೂ ಖಾಲಿ ಮಾಡಿಲ್ವಾ?"

ಓನರ್ ಹೆಂಡತಿ ಗಂಗಮ್ಮ ಬ್ಯಾಗ್ ತುಂಬಿದರು. "ಇದು ಸರಿಹೋಗೋವರ್ಗೂ ಈ ಮನೇಲಿ ನಾನಿರಲ್ಲ ಕಣ್ರೀ."

ಕಟ್ಟಿಸಿದ ಮನೆಯಲ್ಲೇ ಬಾಳುವ ಹಾಗಿಲ್ಲ! ಓನರ್ ಸಿಟ್ಟಿನಿಂದ ಅಜ್ಜಿಯ ಮಗಳಿಗೆ ಫೋನ್ ಮಾಡಿದರು.

"ಏನಮ್ಮಾ, ನಿಮ್ಮಮ್ಮ ಇನ್ನೊಂದು ಕೀ ಇಟ್ಕೊಂಡು ದಿನಾ ಇಲ್ಲಿಗೆ ಬರ್ತಿದಾರಾ?"

ಆ ಕಡೆಯಿಂದ ಅಳು ಕೇಳಿಸಿತು.

"ಅಂಕಲ್... ಇಲ್ಲಿಗೆ ಬಂದ ವಾರದಲ್ಲೇ ಅಮ್ಮ ತೀರ್ಕೊಂಡ್ರು."

ಓನರ್ ಬಾಗಿಲ ಕಡೆ ತಿರುಗಿ ನೋಡಿದರು.

"ಕೊನೇವರ್ಗೂ ಒಂದೇ ಮಾತು ಅಂಕಲ್... 'ಬರ್ತೀನಿ ಅಂದೆ, ಅವ್ರು ಹೋಗ್ಬನ್ನಿ ಅನ್ಲೇ ಇಲ್ಲ ಕಣೇ. ಅಷ್ಟು ವರ್ಷ ಇದ್ದ ಮನೆಯಿಂದ ಹಂಗೇ ಹೆಂಗೆ ಹೊರಡ್ಲಿ?' ಅಂತ."

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದು...

ಇಳಿಯಿತು. ಬಾಗಿಲ ಹೊರಗೆ ನಿಂತಿತು.

ಗಂಗಮ್ಮ ಬೇಡ ಬೇಡವೆಂದರೂ ಓನರ್ ಬಾಗಿಲು ತೆರೆದರು. ಸುಡು ಬಿಸಿಲು. ಕೊನೆಯ ಮೆಟ್ಟಿಲ ಮೇಲೆ ಯಾರೂ ಇಲ್ಲ.

'ಬನ್ನಿ' ಅಂದರೆ ನಿಜಕ್ಕೂ ಮತ್ತೆ ಬಂದುಬಿಟ್ಟರೆ? ಆದರೂ ಕೈ ಮುಗಿದರು. ಕಣ್ಣಲ್ಲಿ ನೀರು ಧಾರಾಕಾರ.

"ತಪ್ಪಾಯ್ತು ಕಣಮ್ಮಾ... ಹೋಗ್ಬಿಟ್ಟು ಬನ್ನಿ."

ಗೇಟಿನ ಚಿಲಕ ತಾನಾಗಿ ಸರಿಯಿತು. ಗೇಟ್ ತೆರೆಯಿತು... ಮತ್ತೆ ಮೆಲ್ಲಗೆ ಮುಚ್ಚಿಕೊಂಡಿತು.

ಅಂದಿನಿಂದ ಮಹಡಿ ನಿಜವಾಗಿ ಖಾಲಿಯಾಯಿತು.

ಓನರ್ ಮಾತ್ರ ಈಗಲೂ ಮಧ್ಯಾಹ್ನ ಬಾಗಿಲು ತೆರೆದಿಟ್ಟು ಕೂರುತ್ತಾರಂತೆ.

*ಕೀ ವಾಪಸ್ ಕೊಟ್ಟವರನ್ನು ಗೇಟಿನ ತನಕ ಬಂದು ಕಳಿಸಿಕೊಡಿ.*

ನಿಮ್ಮ ಮನೆಯಿಂದ ಕೊನೆಯ ಸಲ ಹೊರಟವರು "ಬರ್ತೀನಿ" ಅಂದಾಗ... ನೀವು ಏನಂದಿರಿ?