ಕೊನೆಯ ಹಾಡಿನ ಕೂಗು

ಮುದ್ದಮ್ಮ ಮಂತ್ರಿಸಿದ ನಿಂಬೆಹಣ್ಣನ್ನು ಮಾಯಮ್ಮನ ಕೈಗಿಟ್ಟಳು. "ತಲೆದಿಂಬಿನ ಕೆಳೀಕೆ ಮಡೀಕವ್ವ" ಎಂದವಳೇ ಹಿಂತಿರುಗಿಯೂ ನೋಡದೆ ಪಕ್ಕದ ತನ್ನ ಮನೆಗೆ ಸೇರಿಕೊಂಡಳು.

ಯಾರ ದಿಂಬೆಂದು ಮಾಯಮ್ಮ ಕೇಳಲಿಲ್ಲ. ಕೇಳುವುದೇನು ಬಂತು? ಒಳಗೆ ಹೋಗಿ ಮಗಳು ದೀಪಿಕಳ ದಿಂಬಿನಡಿ ಇಟ್ಟಳು. ಇಡೀ ಬೀದಿಯ ನಿದ್ದೆ ಕೆಡಿಸಿದವಳು ಅವಳೇ ತಾನೆ.

ಮಂಡ್ಯದ ಗುತ್ತಲಿನಲ್ಲಿ ತಾಯಿ ಮಗಳಿಗೆ ಇದು ಮೂರನೆಯ ಬಾಡಿಗೆ ಮನೆ. ಗಂಡ ನಾಗರಾಜು ತೀರಿಕೊಂಡ ಮೇಲೆ ಮಾಯಮ್ಮ ಅವನ ಊರು ಕೊತ್ತತ್ತಿ ಬಿಟ್ಟು ಬಂದು ಇಲ್ಲಿನ ಶಾಲೆಯಲ್ಲಿ ಬಿಸಿಯೂಟ ಬೇಯಿಸುತ್ತಿದ್ದಳು. ಮೊದಲ ಮನೆಯವರು ನೆಂಟರು ಬರುತ್ತಾರೆಂದು ಬಿಡಿಸಿದ್ದರು. ಎರಡನೆಯವರು ಕಾರಣವನ್ನೇ ಹೇಳಿರಲಿಲ್ಲ. ಈಗ ಕೆಳಗಿನ ಮನೆಯಲ್ಲಿರುವ ಮಾಲೀಕ ತಿಮ್ಮಯ್ಯ ಮುಲಾಜಿಲ್ಲದೆ ಹೇಳಿಬಿಟ್ಟಿದ್ದ.

"ಈ ತಿಂಗ್ಳು ಮುಗಿಯೋಗಂಟ ನೋಡ್ತೀನಿ ಕಣಮ್ಮ. ನಿಮ್ ಮಗಳ ಕಿರುಚಾಟ ನಿಲ್ನಿಲ್ಲ ಅಂದ್ರೆ ಖಾಲಿ ಮಾಡ್ಬುಡಿ. ನನ್ ಸೊಸೆ ಬಸುರಿ. ರಾತ್ರಿ ಬೆಚ್ಚಿಬಿದ್ದು ಎದ್ದು ಕೂತ್ಕತಾಳೆ."

ಈ ಮನೆಯೂ ಹೋದರೆ ಗುತ್ತಲಿನಲ್ಲಿ ಇನ್ನೊಬ್ಬರು ಮನೆ ಕೊಡುವುದಿಲ್ಲ. ಮನೆಯಿಲ್ಲವೆಂದರೆ ಶಾಲೆಯ ಕೆಲಸವೂ ಇಲ್ಲ. ಮತ್ತೆ ಕೊತ್ತತ್ತಿಗೆ ಹೋಗಿ ಮೈದುನಂದಿರ ಎದುರು ಕೈಕಟ್ಟಿ ನಿಲ್ಲಬೇಕು. ಅದನ್ನು ನೆನೆದರೇ ಮಾಯಮ್ಮನಿಗೆ ಅನ್ನ ಇಳಿಯುತ್ತಿರಲಿಲ್ಲ.

ಎಲ್ಲಕ್ಕೂ ಕಾರಣ ದೀಪಿಕ ಮಾಡುತ್ತಿದ್ದ ಆಲ್ಬಂ. ಸಿಂಫೋನಿಕ್ ಬ್ಲ್ಯಾಕ್ ಮೆಟಲ್ ಎಂದು ಆ ಸಂಗೀತದ ಹೆಸರು. ಗಿಟಾರು, ಡ್ರಮ್ಮು ಎದೆ ಒಡೆಯುವಂತೆ ಬಡಿಯಬೇಕು. ಹಿಂದೆ ಪಿಟೀಲುಗಳ ಹಿಂಡೇ ನುಡಿಯಬೇಕು. ನಡುವೆ ಒಬ್ಬರು ಕತ್ತು ಕುಯ್ದಂತೆ ಅರಚಬೇಕು. ಮದ್ದೂರಿನ ಮದುವೆ ಆರ್ಕೆಸ್ಟ್ರಾದಲ್ಲಿ ಕೀಬೋರ್ಡು ನುಡಿಸಿಕೊಂಡು ತೆಪ್ಪಗಿದ್ದ ಹುಡುಗಿ. ಎರಡನೆಯ ಮನೆ ಬಿಟ್ಟ ಮೇಲೆ ಅದೆಲ್ಲಿಂದ ಈ ಹುಚ್ಚು ಹತ್ತಿತೋ, ಆರ್ಕೆಸ್ಟ್ರಾದ ಪಿಟೀಲಿನವರನ್ನೇ ಕಟ್ಟಿಕೊಂಡು ಹೊರಟಳು. ರಾತ್ರಿ ಅರಚುವವಳು ತಾನೇ, ಆಲ್ಬಂಗೆ ಅಭ್ಯಾಸ ಎಂದು ಬೀದಿಯವರ ಮುಂದೆ ನಾಚಿಕೆಯಿಲ್ಲದೆ ಒಪ್ಪಿಕೊಂಡಳು. ಮುಖಕ್ಕೆ ಸುಣ್ಣದಂಥ ಬಿಳಿ ಬಳಿದು, ಕಣ್ಣ ಸುತ್ತ ಮಸಿ ತೀಡಿಕೊಂಡ ಅವಳ ಫೋಟೋ ಎಲ್ಲರ ಫೋನಿನಲ್ಲೂ ಓಡಾಡಿತು. ಮಾಟ ಕಲಿಯುತ್ತಿದ್ದಾಳೆ ಎಂದವರಿದ್ದರು. ಬೆಂಗಳೂರಿನ ಬ್ಯಾಂಡಿನ ಹುಡುಗರಂತೂ ಇದಕ್ಕೆ 'ಮುದ್ದೆ ಮೆಟಲ್' ಎಂದು ಹೆಸರಿಟ್ಟು ನಕ್ಕಿದ್ದರು.

ಒಗ್ಗರಣೆಯ ಘಾಟಿಗೆ ಗಂಟಲು ಕಟ್ಟಿಕೊಂಡು, ಸೊಂಟ ಹಿಡಿದುಕೊಂಡು ಮನೆಗೆ ಬರುವ ಮಾಯಮ್ಮನಿಗೆ ಮಲಗಿದರೆ ಸಿಡಿಲು ಬಡಿದರೂ ಎಚ್ಚರವಾಗದು. ಬೆಳಗ್ಗೆ ಕಣ್ಣುಬಿಟ್ಟರೆ ದೀಪಿಕ ಕೆಂಗಣ್ಣು ಮಾಡಿಕೊಂಡು ತನ್ನನ್ನೇ ನೋಡುತ್ತ ಹಾಸಿಗೆಯ ಪಕ್ಕ ಕೂತಿರುತ್ತಿದ್ದಳು. ಆ ನೋಟ ಕಂಡರೆ ಹೆತ್ತವಳಿಗೇ ಭಯವಾಗುತ್ತಿತ್ತು.

ಶನಿವಾರ ಮಧ್ಯಾಹ್ನ ಮಾಯಮ್ಮ ತಡೆಯಲಾರದೆ ಕೇಳಿಯೇಬಿಟ್ಟಳು.

"ನಿಮ್ಮಪ್ಪನ್ ಹೆಣದ್ ಮುಂದೆ ನಾನು ಬಾಯ್ ತಗೀನಿಲ್ಲ ಕಣೇ. ನೀನ್ಯಾಕೆ ಊರ್ಗೆಲ್ಲ ಕೇಳಂಗೆ ಅರ್ಚ್ಕತೀಯೆ?"

ಅದು ನಿಜ. ಸಾವಿನ ಮನೆಯಲ್ಲಿ ಹೆಂಡತಿಯಾದವಳು ಗಂಡನನ್ನು ದೊರೆಯೆಂದು ಕರೆದು, ಹಾಡಿಕೊಂಡು ಅಳುವುದು ವಾಡಿಕೆ. ಕೊತ್ತತ್ತಿಯ ಹೆಂಗಸರು ಭುಜ ಹಿಡಿದು ಅಲ್ಲಾಡಿಸಿದರೂ ಮಾಯಮ್ಮನಿಂದ ಒಂದು ಸೊಲ್ಲು ಹೊರಟಿರಲಿಲ್ಲ. ಕಲ್ಲೆದೆಯವಳು ಎಂಬ ಹೆಸರು ಅಂದೇ ಅಂಟಿಕೊಂಡಿತು.

ದೀಪಿಕ ತಾಯಿಯ ಪಕ್ಕ ಬಂದು ಕೂತಳು. "ಆಲ್ಬಂ ಮುಗೀತು ಕಣವ್ವ. ಇವತ್ತು ಮಳವಳ್ಳೀಲಿ ಜನದ ಮುಂದೆ ನುಡಿಸ್ತೀವಿ. ನೀನೂ ಬಾ. ಅಲ್ಲೇ ಉಳ್ಕಂಡು ಬೆಳಿಗ್ಗೆ ಬರನ."

"ನಾನ್ಯಾಕ್ ಬರ್ಲಿ? ನೀನ್ ಓಗು. ಓಗಿ ಅಲ್ಲೇ ಇದ್ಬುಡು. ನಂಗೆ ಈ ಮನೆ ಬೇಕು."

"ರಾತ್ರಿ ಒಬ್ಳೇ ಮನೀಕಬೇಡ ಕಣವ್ವ. ಇದೊಂದ್ ಮಾತ್ ಕೇಳು."

"ನೀನಿಲ್ದಿದ್ರೇನೆ ನಂಗೆ ನೆಮ್ದಿ."

ಮಾತು ಹೆಚ್ಚಾಯಿತೆಂದು ಆಡಿದ ಕೂಡಲೇ ಗೊತ್ತಾಯಿತು. ಆದರೂ ಮಾಯಮ್ಮ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ದೀಪಿಕ ಬಟ್ಟೆ ತುಂಬಿಕೊಂಡು ಮಳವಳ್ಳಿ ಬಸ್ಸಿಗೆ ಹೊರಟಳು. ಅವಳು ಬೀದಿಯ ತಿರುವು ದಾಟುತ್ತಲೇ ಮಾಯಮ್ಮ ಕೆಳಗಿಳಿದು ಹೋಗಿ, "ಮಗಳ್ನ ಕಳಿಸ್ಬುಟ್ಟೆ ತಿಮ್ಮಯ್ಯೋರೆ. ಇನ್ ಯಾರ್ಗೂ ತೊಂದ್ರೆ ಇಲ್ಲ" ಎಂದು ಹೇಳಿ ಬಂದಳು.

ಭಾನುವಾರ ಬೆಳಗ್ಗೆ ಮಳವಳ್ಳಿಯಿಂದ ಫೋನು ಬಂತು.

"ಅವ್ವ, ಗೆದ್ಬುಟ್ವಿ."

ನಗಲೆಂದೇ ಬಂದು ಕೂತಿದ್ದ ಬೆಂಗಳೂರಿನ ಹುಡುಗರು ಮೂರನೆಯ ಹಾಡಿಗೆ ಫೋನು ಜೇಬಿಗಿಟ್ಟರಂತೆ. ಕೊನೆಯ ಹಾಡಿನಲ್ಲಿ ಪಿಟೀಲುಗಳೆಲ್ಲ ಇಳಿದು, ರೆಕಾರ್ಡು ಮಾಡಿಟ್ಟಿದ್ದ ಕೂಗೊಂದೇ ಉಳಿದಾಗ ಎಲ್ಲರೂ ಎದ್ದು ನಿಂತರಂತೆ. ಇದು ಬಾಯಿಪಾಠ ಮಾಡಿ ಅರಚಿದ್ದಲ್ಲ, ಯಾರ ದನಿ ಇದು ಎಂದು ಮುಗಿಬಿದ್ದು ಕೇಳಿದರಂತೆ.

"ಏನಂದೆ?"

"ಆಮೇಲ್ ಏಳ್ತೀನಿ ಅಂದೆ." ದೀಪಿಕಳ ದನಿ ಮೆತ್ತಗಾಯಿತು. "ನಿಂಗೆ ರಾತ್ರಿ ನಿದ್ದೆ ಬಂತಾ ಅವ್ವ?"

"ಒಂದೇ ನಿದ್ದೆ ಕಣೆ" ಎಂದಳು ಮಾಯಮ್ಮ, ಕರಕರ ಎನ್ನುವ ಗಂಟಲಲ್ಲಿ. ಮಗಳು ಗೆದ್ದಳೆಂಬುದು ಈಗಷ್ಟೇ ತಲೆಗಿಳಿಯುತ್ತಿತ್ತು. ಕಣ್ಣು ಒದ್ದೆಯಾಯಿತು. ಹಾಳಾಗಲಿ, ಮನೆ ಇನ್ನೊಂದು ಸಿಕ್ಕೀತು. ಮೊದಲ ಬಸ್ಸಿಗೇ ಬಂದುಬಿಡು ಮಗ ಎಂದು ಹೇಳಲು ಬಾಯಿ ತೆರೆದಳು.

ಅಷ್ಟರಲ್ಲಿ ಕೆಳಗಿನಿಂದ ತಿಮ್ಮಯ್ಯನ ದನಿ ಏರಿತು.

"ಮಗಳ್ನ ಕಳಿಸ್ದೆ ಅಂತ ಸುಳ್ ಯಾಕ್ ಏಳಿದ್ರಿ ಕಣಮ್ಮ? ರಾತ್ರಿಯೆಲ್ಲ ಅದೇ ಗೋಳು, 'ನನ್ ದೊರೇ, ನನ್ ಒಬ್ಳುನ್ನೇ ಬುಟ್ಟು ಓದ್ಯಲ್ಲಾ' ಅಂತ."