ಬಾಲ ಆಮೇಲೆ ಏಳಲಿ

ಕಂಬಳದ ಕೋಣಗಳು ಕಬ್ಬಿಣದವಾದ ಮೇಲೆ, ಓಡುವುದಕ್ಕಿಂತ ಏಳುವುದರಲ್ಲೇ ಸೋಲು ಗೆಲುವು ತೀರ್ಮಾನವಾಗುತ್ತಿತ್ತು. ಮಲಗಿದ ಕೋಣಗಳನ್ನು ಕೆಸರಿಗಿಳಿಸಿ, ನಿಶಾನೆ ಬಿದ್ದ ಮೇಲಷ್ಟೇ ಗುಂಡಿ ಒತ್ತಬೇಕು. ಹೋದ ವರ್ಷ ಐತಪ್ಪ ಪೂಜಾರಿಯ ಜೋಡಿ ಕಣ್ಣು, ಕಿವಿ, ಕಾಲು, ಬಾಲ ಎಲ್ಲವನ್ನೂ ಸರಿಯಿದೆಯಾ ಎಂದು ಒಂದೊಂದಾಗಿ ವಿಚಾರಿಸಿಕೊಂಡು ಬೂಟ್ ಆಗಿ ಏಳುವಷ್ಟರಲ್ಲಿ ಎದುರಿನ ಜೋಡಿ ಗುರಿ ಮುಟ್ಟಿಯಾಗಿತ್ತು. ಈ ಸಲವೂ ಸೋತರೆ ಜೋಡಿಯನ್ನು ಗುಜರಿಗೆ ಹಾಕುವುದೆಂದು ಮನೆಯಲ್ಲಿ ಮಾತಾಗಿತ್ತು. ಅವನ್ನು ಎಬ್ಬಿಸುವ ಪ್ರೋಗ್ರಾಮನ್ನು ಮಗಳು ವಾರಿಜ ಮಳೆಗಾಲವಿಡೀ ಕೂತು ತಿದ್ದಿದ್ದಳು.

"ನಾವು ಆ ವಿಚಾರಣೆಯನ್ನೇ ತೆಗ್ದು ಬಿಸಾಡಿದ್ದೇವೆ," ಎಂದ ಪಕ್ಕದ ಜೋಡಿಯ ದೂಮಣ್ಣ. "ನಿಮ್ಮದು ಏಳ್ತದಾ ಐತಪ್ಪಣ್ಣ, ಅಲ್ಲ ಅಷ್ಟರಲ್ಲಿ ಒಂದು ಚಾ ಕುಡಿದು ಬರುವುದಾ?"

"ನಾಲ್ಕು ಕಾಲನ್ನೂ ಕೇಳಿಯೇ ಏಳ್ತದೆ," ಎಂದಳು ವಾರಿಜ. "ಉಳಿದದ್ದನ್ನು ಓಡ್ತಾ ಕೇಳ್ತದೆ."

ನಿಶಾನೆ ಬಿತ್ತು. ದೂಮಣ್ಣನ ಕೋಣಗಳು ಎದ್ದದ್ದೇ ತಡ, ಹಾರಿದವು. ಐತಪ್ಪನ ಜೋಡಿ ಒಂದು ಉಸಿರಿನಷ್ಟು ತಡೆದು ಹೊರಟಿತು. ನಡುಗದ್ದೆಯಲ್ಲಿ ದೂಮಣ್ಣನ ಎಡಗೋಣದ ಹಿಂಗಾಲಿನ ಸಡಿಲ ಕೀಲು ಕಳಚಿ, ಅದು ಕೆಸರಲ್ಲಿ ಕುಕ್ಕರಿಸಿತು. ಏಳುವಾಗ ಆ ಕಾಲನ್ನು ಯಾರೂ ವಿಚಾರಿಸಿರಲಿಲ್ಲ. ಐತಪ್ಪನ ಜೋಡಿ ಅದನ್ನು ದಾಟಿತು. ಬಾಲಗಳು ಮಾತ್ರ ಹಗ್ಗದಂತೆ ಜೋತಾಡುತ್ತಿದ್ದವು.

"ಅಯ್ಯೋ ಮಗಾ, ಬಾಲ ಎದ್ದೇ ಇಲ್ವಲ್ಲಾ!"

"ಅದಕ್ಕೆಂಥ ಅರ್ಜೆಂಟು ಅಪ್ಪ? ಓಡುವುದು ಕಾಲಲ್ವಾ?"

ಗುರಿ ಮುಟ್ಟಿ ನಿಂತ ಮೇಲೆ ಎರಡೂ ಬಾಲಗಳು ಠೀವಿಯಿಂದ ಎದ್ದು ನಿಂತವು. ಜನ ಓಡಿಬಂದು ಐತಪ್ಪನನ್ನು ಹೆಗಲ ಮೇಲೆ ಎತ್ತಲು ಹೋದರು. ಅವನು ಕೈ ಬಿಡಿಸಿಕೊಂಡು ಮಗಳನ್ನು ಮುಂದೆ ನಿಲ್ಲಿಸಿದ.

"ಕೋಣ ನನ್ನದು ಮಾರಾಯ್ರೆ, ಎಬ್ಬಿಸಿದ್ದು ಇವಳು."